ಬೆಳೆ ಬದಲಾಯ್ತು, ತಳಿ ಹಾಗೇ ಉಳೀತು

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಅಬ್ಬಿಗೇರಿಯಲ್ಲಿ ರೈತರ ಗುಂಪೊಂದರ ಬೀಜದ ಲೆಕ್ಕ ಬರೆಯುವವರ ಮಾತು.

ನಾನು ಅಬ್ಬಿಗೇರಿಯಿಂದ ಮಾತಾಡ್ತಿದ್ದೀನಿ. ಅಬ್ಬಿಗೇರಿ ಅಂದ ಕೂಡಲೇ ಬೆಂಗಳೂರಿನವರು ‘ಜಾಲಹಳ್ಳಿ ಹತ್ತಿರದ್ದಾ?’ ಅಂತ ಕೇಳ್ತಾರೆ. ಅಲ್ಲ, ಅದು ಅಬ್ಬಿಗೆರೆ. ನಮ್ಮದು ಗದಗ ಜಿಲ್ಲೆ, ನರೇಗಲ್ ಹತ್ತಿರದ ಎರೆಹೊಲದ ಊರು. ಯಾವ ಜಿಲ್ಲೆ ಅಂತ ಮೊದಲು ಹೇಳಿಬಿಟ್ಟರೆ ಈ ಗೊಂದಲ ಬರೋದಿಲ್ಲ. ಇವತ್ತು ನಾನು ಹೇಳಬೇಕು ಅಂತಿರೋದೂ ಅಷ್ಟೇ, ಮೊದಲು ಕೇಳಬೇಕಾದ್ದನ್ನು ಮೊದಲು ಕೇಳೋದು. ಸ್ಪ್ರೆಡ್‌ಶೀಟಿನಲ್ಲಿ ಅದನ್ನ ಡಿಪೆಂಡೆಂಟ್ ಡ್ರಾಪ್‌ಡೌನ್ ಅಂತಾರೆ.

ಹೆಸರು ಕೇಳಿ ಗಾಬರಿ ಆಗಬೇಡ್ರಿ. ನೀವೆಲ್ಲ ಅದನ್ನ ಬಳಸಿದ್ದೀರಿ. ಪಹಣಿ ತೆಗೆಯೋಕೆ ಭೂಮಿ ಜಾಲತಾಣಕ್ಕೆ ಹೋದರೆ ಮೊದಲು ಜಿಲ್ಲೆ ಕೇಳುತ್ತೆ. ನೀವು ಗದಗ ಅಂತ ಆರಿಸಿದ ಮೇಲೆ ತಾಲ್ಲೂಕಿನ ಪಟ್ಟಿ ತೆರೆದರೆ ಅಲ್ಲಿ ಗದಗ ಜಿಲ್ಲೆಯ ತಾಲ್ಲೂಕು ಮಾತ್ರ ಇರ್ತಾವೆ. ಮೈಸೂರಿನ ನಂಜನಗೂಡು ಅಲ್ಲಿ ಬರೋದಿಲ್ಲ. ತಾಲ್ಲೂಕು ಆರಿಸಿದರೆ ಹೋಬಳಿ, ಹೋಬಳಿ ಆರಿಸಿದರೆ ಗ್ರಾಮ, ಆಮೇಲೆ ಸರ್ವೆ ನಂಬರ್, ಹಿಸ್ಸಾ. ಒಂದೊಂದು ಪಟ್ಟಿಯೂ ತನ್ನ ಹಿಂದಿನ ಪಟ್ಟಿಯನ್ನ ಕೇಳಿಕೊಂಡೇ ತೆರೆಯುತ್ತೆ. ರಾಜ್ಯದ 31 ಜಿಲ್ಲೆಗಳ ಎಲ್ಲಾ ಹಳ್ಳಿಗಳನ್ನೂ ಒಂದೇ ಪಟ್ಟಿಯೊಳಗೆ ತುಂಬಿದ್ದರೆ ನಮ್ಮ ಊರು ಹುಡುಕೋದರೊಳಗೆ ಕರೆಂಟ್ ಹೋಗ್ತಿತ್ತು.

ನಾನು ಕಂಪ್ಯೂಟರ್ ಕಲಿತವನಲ್ಲ. ಓಣಿಯ ರೈತರ ಗುಂಪಿಗೆ ಬೀಜದ ಲೆಕ್ಕ ಬರೆಯೋನು. ಹಿಂಗಾರಿಗೆ ಮುಂಚೆ ಯಾರಿಗೆ ಯಾವ ಬೀಜ ಎಷ್ಟು ಕಿಲೋ ಬೇಕು ಅಂತ ಬರೆದುಕೊಂಡು, ಒಟ್ಟು ಮಾಡಿ, ಒಟ್ಟಿಗೇ ತರಿಸ್ತೀವಿ. ಮೊದಲು ನೋಟ್‌ಬುಕ್ಕಿನಲ್ಲಿ ಬರೀತಿದ್ದೆ, ಆಮೇಲೆ ಎಕ್ಸೆಲ್‌ಗೆ ಬಂದೆ. ಎಕ್ಸೆಲ್‌ಗೆ ಬಂದ ಮೊದಲ ವರ್ಷ ಕೈಗೆ ಬಂದಂಗೆ ಟೈಪ್ ಮಾಡಿದೆ. ಕೊನೆಗೆ ಒಟ್ಟು ಹಾಕಿದರೆ ಕಡಲೆ ನಾಲ್ಕು ಕಡೆ ಒಡೆದು ಕೂತಿತ್ತು. ಒಂದು ಕಡೆ ಕಡಲೆ, ಒಂದು ಕಡೆ ಕಡ್ಲೆ, ಒಂದು ಕಡೆ ಕಡ್ಲಿ. ನಾಲ್ಕನೆಯದೂ ‘ಕಡಲೆ’ ಅಂತಲೇ ಇತ್ತು, ಆದರೆ ಕೊನೆಗೆ ಒಂದು ಸ್ಪೇಸ್ ಬಿದ್ದಿತ್ತು. ಕಣ್ಣಿಗೆ ಕಾಣಲ್ಲ, ಯಂತ್ರಕ್ಕೆ ಮಾತ್ರ ಅದು ಬೇರೆ ಪದ. ಹಳೇ ಕಡತದಿಂದ ನುಡಿ ಫಾಂಟಿನ ಸಾಲು ತಂದು ಅಂಟಿಸಿದ್ದು ಇನ್ನೊಂದು ಫಜೀತಿ. ನುಡಿಯ ಹಳೇ ಬಗೆಯಲ್ಲಿ ಬರೆದದ್ದು ನಮಗೆ ಕನ್ನಡವಾಗಿ ಕಾಣುತ್ತೆ, ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಯೂನಿಕೋಡಿನಲ್ಲಿ ಬರೆದ ಕಡಲೆಗೂ ಅದಕ್ಕೂ ಯಾವತ್ತೂ ಹೊಂದಾಣಿಕೆ ಆಗಲ್ಲ.

ಅದಕ್ಕೇ ಡ್ರಾಪ್‌ಡೌನ್ ಹಾಕಿದೆ. ಟೈಪ್ ಮಾಡೋ ಹಾಗಿಲ್ಲ, ಪಟ್ಟಿಯಿಂದ ಆರಿಸಬೇಕು. ಬೆಳೆಗೊಂದು ಪಟ್ಟಿ, ತಳಿಗೊಂದು ಪಟ್ಟಿ. ಆದರೆ ಎರಡಕ್ಕೂ ಸಂಬಂಧ ಇರಲಿಲ್ಲ. ಎಲ್ಲಾ ಬೆಳೆಯ ಎಲ್ಲಾ ತಳಿಗಳೂ ಎರಡನೇ ಪಟ್ಟಿಯೊಳಗೆ ಕಲಸಿಕೊಂಡಿದ್ದವು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಭಾಗದ ತಳಿಗಳ ಹೆಸರು ಸ್ಪ್ರೆಡ್‌ಶೀಟಿಗೆ ಹೇಳಿ ಮಾಡಿಸಿದ ಕಾಟ. ಕಡಲೆಯಲ್ಲಿ ಎ-1 ಅಂತ ಹಳೇ ತಳಿ ಇದೆ, ಎ ಅಂದರೆ ಅಣ್ಣಿಗೇರಿ. ಕುಸುಬೆಯಲ್ಲೂ ಎ-1 ಇದೆ, ಅದೂ ಅಣ್ಣಿಗೇರಿಯದೇ. ಅಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆಯಲ್ಲ, ಎರಡಕ್ಕೂ ಅದೇ ಊರಿನ ಹೆಸರು. ಕಡಲೆ ಬೀಜ ಎಕರೆಗೆ 20ರಿಂದ 25 ಕಿಲೋ ಬೇಕು, ಕುಸುಬೆ 3–4 ಕಿಲೋ ಸಾಕು. ನಮ್ಮಲ್ಲಿ ಕುಸುಬೆಯನ್ನ ಹೆಚ್ಚಾಗಿ ಅಕ್ಕಡಿ ಸಾಲಾಗಿ, ಇಲ್ಲಾ ಹೊಲದ ಅಂಚಿಗೆ ಹಾಕ್ತಾರೆ. ಮುಳ್ಳು ಇರೋದರಿಂದ ದನ ಒಳಗೆ ನುಗ್ಗಲ್ಲ. ಆ ವರ್ಷ ನಾನು ತಳಿಯ ಕಾಲಂ ನೋಡಿ ಒಟ್ಟು ಹಾಕಿದೆ. ಕುಸುಬೆ ಕೇಳಿದವರ ಎ-1 ಎಲ್ಲಾ ಹೋಗಿ ಕಡಲೆಯ ಎ-1 ಜೊತೆ ಕೂಡಿತು. ಕುಸುಬೆ ಬೀಜ ಒಂದು ಕಾಳೂ ಬರಲಿಲ್ಲ. ಅದನ್ನ ಅವರಿವರ ಮನೆಯಿಂದ ಸೇರಿಗೆ ಸೇರು ಕೇಳಿ ಸರಿ ಮಾಡಿದೆವು, ನಕ್ಕು ಬಿಟ್ಟರು. ‘ಲೆಕ್ಕದಾಗ ಕುಸುಬಿ ಸತ್ತು ಕಡ್ಲಿ ಆಗಿ ಹುಟ್ಟೇತಿ’ ಅಂತ ಒಬ್ಬ ಕಾಕಾ ಈಗಲೂ ಚೇಷ್ಟೆ ಮಾಡ್ತಾನೆ.

ಬಿಳಿಜೋಳದ್ದು ಇನ್ನೂ ಮಜಾ. ಮಾಲದಂಡಿ ಅಂತೀವಲ್ಲ, ಅದರ ಕಾಗದದ ಹೆಸರು ಎಂ 35-1. ಮುಗುತಿ ಅಂತ ಒಂದು ತಳಿ ಇದೆ, ಅದರ ಕಾಗದದ ಹೆಸರು 5-4-1. ಎಕ್ಸೆಲ್‌ನಲ್ಲಿ 5-4-1 ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡ್ರಿ, ಅದು 2001ನೇ ಇಸವಿಯ ಒಂದು ತಾರೀಖು ಆಗಿಬಿಡುತ್ತೆ. ಹಿಸ್ಸಾ ನಂಬರಿಗೂ ಇದೇ ಗತಿ. 12/2 ಅಂತ ಬರೆದರೆ ಹೊಲ ಹೋಗಿ ದಿನಾಂಕ ಬರುತ್ತೆ. ಅದಕ್ಕೆ ಆ ಕಾಲಂ ಪೂರ್ತಿ ಆರಿಸಿಕೊಂಡು ಬರೆಯೋದಕ್ಕಿಂತ ಮುಂಚೆ ಟೆಕ್ಸ್ಟ್ ಫಾರ್ಮ್ಯಾಟ್ ಮಾಡಿಡಬೇಕು. ತಾರೀಖು ಆದ ಮೇಲೆ ಟೆಕ್ಸ್ಟ್ ಮಾಡಿದರೆ 37 ಸಾವಿರದ ಆಸುಪಾಸಿನ ಯಾವುದೋ ಅಂಕಿ ಕಾಣುತ್ತೆ, 5-4-1 ವಾಪಸ್ ಬರಲ್ಲ. ಪಟ್ಟಿ ಇರೋ ಕಾಲಂ, ತುಂಬೋ ಕಾಲಂ, ಎರಡಕ್ಕೂ ಹಾಗೆ ಮಾಡ್ರಿ. ನಾನಂತೂ ಪಟ್ಟಿಯಲ್ಲಿ ಮುಗುತಿ ಅಂತಲೇ ಬರೆದೆ. ಕೇಳೋಕೆ ಬರೋರು 5-4-1 ಅನ್ನಲ್ಲ, ಮುಗುತಿ ಅಂತಾರೆ. ಪಟ್ಟಿಯಲ್ಲಿರೋ ಹೆಸರು, ಎದುರಿಗೆ ನಿಂತವರ ಬಾಯಲ್ಲಿರೋ ಹೆಸರು ಒಂದೇ ಆಗಿದ್ದರೆ ಅರ್ಧ ತಪ್ಪು ಅಲ್ಲೇ ಕಡಿಮೆ ಆಗುತ್ತೆ.

ಸರಿ, ಈಗ ಎರಡನೇ ಪಟ್ಟಿ ಮೊದಲನೇದನ್ನ ಕೇಳಿ ತೆರೆಯೋ ಹಾಗೆ ಮಾಡೋದು ಹೇಗೆ?

ಬಹಳ ಕಡೆ ಹೇಳಿಕೊಡೋ ದಾರಿ ಒಂದಿದೆ. ಪ್ರತಿ ಬೆಳೆಯ ತಳಿಗಳನ್ನ ಒಂದೊಂದು ಗುಂಪು ಮಾಡಿ, ಆ ಗುಂಪಿಗೆ ಬೆಳೆಯ ಹೆಸರನ್ನೇ ಇಡೋದು. ಎರಡನೇ ಖಾನೆಗೆ ಇಂಡೈರೆಕ್ಟ್ ಅನ್ನೋ ಫಾರ್ಮುಲಾ ಕೊಟ್ಟರೆ ಅದು ಮೊದಲ ಖಾನೆಯಲ್ಲಿರೋ ಹೆಸರಿನ ಗುಂಪನ್ನ ತೆರೆಯುತ್ತೆ. ಸುಲಭ ಇದೆ. ಆದರೆ ಗುಂಪಿನ ಹೆಸರಿನಲ್ಲಿ ಸ್ಪೇಸ್ ಇರಂಗಿಲ್ಲ, ಹೈಫನ್ ಇರಂಗಿಲ್ಲ, ಅಂಕಿಯಿಂದ ಶುರು ಆಗಂಗಿಲ್ಲ. ‘ಬಿಳಿ ಜೋಳ’ ಅಂತ ಬಿಡಿಸಿ ಬರೆದವರಿಗೆ ಅಲ್ಲೇ ಪಟ್ಟಿ ಮುಚ್ಚಿಕೊಳ್ಳುತ್ತೆ. ಜೊತೆಗೆ ಹೊಸ ಬೆಳೆ ಬಂದಾಗೆಲ್ಲಾ ಹೊಸ ಗುಂಪು, ಹೊಸ ಹೆಸರು. ನನಗೆ ಅದು ಹಿಡಿಸಲಿಲ್ಲ.

ನಾನು ಮಾಡಿದ್ದು ಬೇರೆ. ಒಂದು ಹಾಳೆಯಲ್ಲಿ ಎರಡೇ ಕಾಲಂ. ಮೊದಲನೇದರಲ್ಲಿ ಬೆಳೆ, ಅದರ ಪಕ್ಕ ತಳಿ. ಕಡಲೆ, ಎ-1. ಕೆಳಗೆ ಮತ್ತೆ ಕಡಲೆ, ಜೆಜಿ-11. ಮತ್ತೆ ಕಡಲೆ, ಬಿಜಿಡಿ-103. ಆಮೇಲೆ ಕುಸುಬೆ, ಎ-1. ಹೀಗೆ ಉದ್ದಕ್ಕೆ. ಪ್ರತಿ ತಳಿಗೂ ಅದರ ಬೆಳೆಯ ಹೆಸರು ಪಕ್ಕದಲ್ಲೇ ಇರಬೇಕು, ‘ಮೇಲಿನಂತೆ’ ಅಂತ ಬಿಡಂಗಿಲ್ಲ. ಒಂದೇ ಬೆಳೆಯ ಸಾಲುಗಳೆಲ್ಲಾ ಒಟ್ಟಿಗೆ ಇರಬೇಕು.

ಈಗ ಫಾರ್ಮುಲಾ. ಪಾಡ್‌ಕಾಸ್ಟ್‌ನಲ್ಲಿ ಫಾರ್ಮುಲಾ ಓದಿ ಹೇಳಿದರೆ ನೀವು ಬಂದ್ ಮಾಡಿ ಹೋಗ್ತೀರಿ. ಹಾಗಾಗಿ ಗೋಡೌನಿನ ಲೆಕ್ಕ ಹೇಳ್ತೀನಿ. ಗೋಡೌನಿನಲ್ಲಿ ಗೋಡೆಗುಂಟ ಒಂದೇ ಸಾಲಿನಲ್ಲಿ ಚೀಲ ನಿಲ್ಲಿಸಿದ್ದಾರೆ. ಆಳಿಗೆ ಹೇಳ್ತೀರಿ: ‘ಬಾಗಿಲಿಂದ ಶುರು ಮಾಡು. ಕಡಲೆಯ ಮೊದಲ ಚೀಲ ಎಲ್ಲಿದೆ ನೋಡು, ಅಲ್ಲಿವರೆಗೆ ನಡಿ. ಕಡಲೆ ಚೀಲ ಒಟ್ಟು ಎಷ್ಟಿವೆ ಎಣಿಸು. ಅಲ್ಲಿಂದ ಅಷ್ಟು ಚೀಲ ತೋರಿಸು.’ ಮೊದಲ ಚೀಲ ಎಲ್ಲಿದೆ ಅಂತ ಹುಡುಕೋದು ಮ್ಯಾಚ್. ಎಷ್ಟಿವೆ ಅಂತ ಎಣಿಸೋದು ಕೌಂಟಿಫ್. ಬಾಗಿಲಿಂದ ನಡೆದು ಹೋಗಿ ತೋರಿಸೋ ಆಳು ಆಫ್‌ಸೆಟ್. ಇಷ್ಟೇ. ಒಂದು ಸಣ್ಣ ವಿಷಯ, ಮ್ಯಾಚ್ ‘ಐದನೇ ಸಾಲಿನಲ್ಲಿದೆ’ ಅಂತ ಹೇಳಿದರೆ ಮೊದಲನೇ ಸಾಲಿನಿಂದ ನಾಲ್ಕೇ ಹೆಜ್ಜೆ ನಡೀಬೇಕು. ಅದಕ್ಕೆ ಮ್ಯಾಚ್ ಕೊಟ್ಟ ಅಂಕಿಯಿಂದ ಒಂದು ಕಳೀಬೇಕು. ಕಳೆಯದೆ ಬಿಟ್ಟರೆ ಪ್ರತಿ ಬೆಳೆಗೂ ಮೊದಲ ತಳಿ ತಪ್ಪಿಹೋಗಿ, ಕೊನೆಗೆ ಮುಂದಿನ ಬೆಳೆಯ ಒಂದು ತಳಿ ಬಂದು ಸೇರುತ್ತೆ.

ತುಂಬೋ ಹಾಳೆಯಲ್ಲಿ ತಳಿಯ ಖಾನೆಗಳನ್ನ ಆರಿಸಿ, ಡೇಟಾ ಅನ್ನೋ ಕಡೆ ಹೋಗಿ, ಡೇಟಾ ವ್ಯಾಲಿಡೇಶನ್ ಒತ್ತಿ, ಲಿಸ್ಟ್ ಅಂತ ಆರಿಸಿ, ಸೋರ್ಸ್ ಅನ್ನೋ ಜಾಗದಲ್ಲಿ ಈ ಫಾರ್ಮುಲಾ ಬರೀರಿ. ಡಾಲರ್ ಚಿಹ್ನೆ ನೋಡಿಕೊಳ್ಳಿ. ಬೆಳೆಯ ಖಾನೆಯನ್ನ ತೋರಿಸುವಾಗ ಕಾಲಂಗೆ ಡಾಲರ್ ಇರಲಿ, ಸಾಲಿನ ಅಂಕಿಗೆ ಬೇಡ. ಸಾಲಿಗೂ ಹಾಕಿದರೆ ನೂರು ರೈತರ ತಳಿ ಪಟ್ಟಿಯೂ ಮೊದಲ ರೈತನ ಬೆಳೆಯನ್ನೇ ನೋಡ್ತಾ ಕೂರುತ್ತೆ. ಓಕೆ ಒತ್ತಿದಾಗ ಬೆಳೆಯ ಖಾನೆ ಖಾಲಿ ಇದ್ದರೆ, ಸೋರ್ಸ್‌ನಲ್ಲಿ ತಪ್ಪಿದೆ, ಮುಂದುವರಿಯಲಾ ಅಂತ ಕೇಳುತ್ತೆ. ನಾನು ಮೊದಲ ಸಲ ಅದನ್ನ ನೋಡಿ ಎಲ್ಲಾ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಿದ್ದೆ, ಮೂರು ಸಲ. ಹೌದು ಅಂತ ಒತ್ತಿದರೆ ಸಾಕು. ಬೆಳೆ ಆರಿಸದಿದ್ದರೆ ಹುಡುಕೋಕೆ ಏನೂ ಇಲ್ಲ ಅಂತ ಅದು ಹೇಳ್ತಿರೋದು.

ಗೂಗಲ್ ಶೀಟ್ಸ್ ಬಳಸೋರಿಗೆ ಈ ದಾರಿ ನಡೆಯಲ್ಲ. ಅಲ್ಲಿ ಪಟ್ಟಿಯ ಜಾಗದಲ್ಲಿ ಇಂಥ ಫಾರ್ಮುಲಾ ತಗೊಳ್ಳಲ್ಲ, ಖಾನೆಗಳ ಸಾಲನ್ನೇ ತೋರಿಸಬೇಕು. ಇನ್ನೊಂದು ಹಾಳೆಯಲ್ಲಿ ಪ್ರತಿ ರೈತನ ಸಾಲಿಗೂ ಫಿಲ್ಟರ್ ಹಾಕಿ ಅವನ ಬೆಳೆಯ ತಳಿಗಳನ್ನ ಅಡ್ಡಕ್ಕೆ ಹರಡಿಸಿ, ಆ ಅಡ್ಡ ಸಾಲನ್ನ ಪಟ್ಟಿಯಾಗಿ ಕೊಡಬೇಕು. ಎಕ್ಸೆಲ್‌ನಲ್ಲಿ ಫಿಲ್ಟರ್ ಅನ್ನೋ ಫಾರ್ಮುಲಾ 365 ಮತ್ತು 2021ರಿಂದ ಈಚೆಗಿನದರಲ್ಲಿ ಇದೆ. ನನ್ನದು ಹಳೇ ಮಷೀನು, ಹಾಗಾಗಿ ಆಫ್‌ಸೆಟ್ಟೇ ಗತಿ.

ಒಂದು ಕಡೆ ಮಾತ್ರ ಹುಷಾರಿರಬೇಕು. ಒಬ್ಬ ಹುಡುಗ ಸಹಾಯಕ್ಕೆ ಬಂದವನು ಕಡಲೆಯ ಹೊಸ ತಳಿಯೊಂದನ್ನ ಪಟ್ಟಿಯ ತೀರಾ ಕೊನೆಗೆ ಸೇರಿಸಿದ. ಏನಾಯ್ತು ಅಂದರೆ, ಕೌಂಟಿಫ್ ಕಡಲೆ ನಾಲ್ಕು ಅಂತ ಎಣಿಸಿತು. ಆಫ್‌ಸೆಟ್ ಕಡಲೆಯ ಮೊದಲ ಚೀಲದಿಂದ ನಾಲ್ಕು ಚೀಲ ತೋರಿಸಿತು. ನಾಲ್ಕನೇದು ಕುಸುಬೆಯ ಎ-1! ಅಂದರೆ ಕಡಲೆಯ ಪಟ್ಟಿಯೊಳಗೆ ಎ-1 ಎರಡು ಸಲ, ಹೊಸ ತಳಿ ಇಲ್ಲವೇ ಇಲ್ಲ. ಯಾವ ಎಚ್ಚರಿಕೆಯೂ ಬರಲಿಲ್ಲ. ಹೊಸದು ಸೇರಿಸಿದ ಮೇಲೆ ಬೆಳೆಯ ಕಾಲಂ ಹಿಡಿದು ಸಾರ್ಟ್ ಮಾಡಲೇಬೇಕು. ಗದಗ ಜಿಲ್ಲೆಯೊಳಗೆ ಗಜೇಂದ್ರಗಡ, ಲಕ್ಷ್ಮೇಶ್ವರ ಹೊಸ ತಾಲ್ಲೂಕಾಗಿ ಏಳು ತಾಲ್ಲೂಕಾದವಲ್ಲ, ಅಲ್ಲೂ ಇದೇ ಕೆಲಸ. ಮೇಲಿನ ಪಟ್ಟಿಗೆ ಗಜೇಂದ್ರಗಡ ಅಂತ ಬರೆದರೆ ಮುಗೀಲಿಲ್ಲ. ರೋಣದ ಕೆಳಗಿದ್ದ ಅದರ ಹಳ್ಳಿಗಳನ್ನ ಒಂದೊಂದಾಗಿ ಎತ್ತಿ ಅಲ್ಲಿ ಕೂರಿಸಬೇಕು.

ಇಷ್ಟೆಲ್ಲಾ ಮಾಡಿದ ಮೇಲೆ ನನಗೆ ಬಹಳ ಸಮಾಧಾನ ಆಗಿತ್ತು. ಇನ್ನು ತಪ್ಪು ಆಗೋಕೇ ಸಾಧ್ಯ ಇಲ್ಲ ಅಂದುಕೊಂಡಿದ್ದೆ. ನಿಜವಾದ ತಪ್ಪು ಆದದ್ದು ಆ ವರ್ಷವೇ.

ನಮ್ಮ ಓಣಿಯಲ್ಲಿ ಒಬ್ಬ ಅಮ್ಮ ಇದ್ದಾರೆ. ಎರಡು ಎಕರೆ ಎರೆಹೊಲ, ಮನೆಯಲ್ಲಿ ಗಂಡಸರಿಲ್ಲ, ಎಲ್ಲಾ ಅವರೇ ನೋಡಿಕೊಳ್ಳೋದು. ಮೊದಲು ಬಂದಾಗ ಕಡಲೆ ಅಂದರು. ಕಡಲೆ ಆರಿಸಿದೆ, ತಳಿ ಪಟ್ಟಿ ಸರಿಯಾಗಿ ತೆರೆಯಿತು, ಜೆಜಿ-11 ಆರಿಸಿದೆ. ನಾಲ್ಕು ದಿನ ಬಿಟ್ಟು ಬಂದು, ‘ತಮ್ಮಾ, ಈ ಸಲ ಕಡ್ಲಿ ಬ್ಯಾಡ. ದನಕ್ಕ ಕಣಿಕಿ ಇಲ್ಲ. ಜ್ವಾಳಾನ ಹಾಕ್ತೀನಿ’ ಅಂದರು. ನಾನು ಫೋನಿನಲ್ಲಿ ಮಾತಾಡ್ತಾ ಮಾತಾಡ್ತಾನೇ ಬೆಳೆಯ ಖಾನೆಯಲ್ಲಿ ಕಡಲೆ ತೆಗೆದು ಬಿಳಿಜೋಳ ಆರಿಸಿದೆ. ‘ಆತು ಅವ್ವಾ, ಬದಲ ಮಾಡೇನಿ’ ಅಂದೆ.

ಬೆಳೆ ಬದಲಾಯ್ತು. ಪಕ್ಕದಲ್ಲಿ ಜೆಜಿ-11 ಹಾಗೇ ಕೂತಿತ್ತು.

ಈ ಪಟ್ಟಿಗಳ ಸ್ವಭಾವ ಅದು. ನೀವು ಆರಿಸೋ ಹೊತ್ತಿನಲ್ಲಿ ಮಾತ್ರ ಕಾವಲು ಕಾಯ್ತಾವೆ. ಒಂದು ಸಲ ಖಾನೆಯೊಳಗೆ ಬಂದು ಕೂತದ್ದನ್ನ ಮತ್ತೆ ತಿರುಗಿ ನೋಡಲ್ಲ. ಮೊದಲನೇದನ್ನ ಬದಲಿಸಿದರೆ ಎರಡನೇದರ ಪಟ್ಟಿ ಬದಲಾಗುತ್ತೆ ನಿಜ, ಬಾಣದ ಗುರುತು ಒತ್ತಿದರೆ ಮಾಲದಂಡಿ, ಮುಗುತಿ ಕಾಣ್ತಾವೆ. ಆದರೆ ಒತ್ತೋ ತನಕ ಹಳೇ ಉತ್ತರ ಅಲ್ಲೇ ಇರುತ್ತೆ. ಅಳಿಸಲ್ಲ, ಕೆಂಪಾಗಲ್ಲ, ಕೂಗಲ್ಲ. ಪಹಣಿಯ ಜಾಲತಾಣದಂಥ ಕಡೆ ಜಿಲ್ಲೆ ಬದಲಿಸಿದರೆ ಕೆಳಗಿನ ಆಯ್ಕೆಗಳು ಮತ್ತೆ ಮೊದಲಿಂದ ಶುರುವಾಗ್ತಾವಲ್ಲ, ಅದನ್ನ ಯಾರೋ ಕೂತು ಹಾಗೆ ಬರೆದಿರ್ತಾರೆ. ನಮ್ಮ ಹಾಳೆಯಲ್ಲಿ ಅದನ್ನ ಬರೆದವರು ಯಾರೂ ಇಲ್ಲ.

ಆರ್ಡರ್ ಕೊಡುವಾಗ ತಳಿಯ ಲೆಕ್ಕ ತೆಗೆದೆ. ಅವರ ಸಾಲು ಜೆಜಿ-11ರ ಲೆಕ್ಕಕ್ಕೆ ಹೋಯ್ತು. ಬೀಜ ಬಂದ ದಿನ ಅವರ ಹೆಸರಿನ ಮುಂದೆ ಕಡಲೆ ಚೀಲ. ಜೋಳದ ಚೀಲಗಳನ್ನ ಬೇರೆಯವರಿಗೆ ಹಂಚಿ ಆಗಿತ್ತು. ಎರೆಹೊಲದ ಹಿಂಗಾರಿ ಅಂದರೆ ಏನು ಅಂತ ನಿಮಗೆ ಗೊತ್ತು. ಮೇಲಿಂದ ಮಳೆ ಬರುತ್ತೆ ಅಂತ ಬಿತ್ತೋದಲ್ಲ, ಭೂಮಿ ಕುಡಿದಿಟ್ಟುಕೊಂಡ ಹಸಿಯ ಮೇಲೆ ಬಿತ್ತೋದು. ಮೇಲಿನ ಪದರ ಒಣಗಿದರೆ ಬೀಜ ಹಸಿ ಮುಟ್ಟಲ್ಲ. ಅವರಿಗೆ ಮಾಲದಂಡಿ ಹೊಂದಿಸಿ ಕೊಡೋದರೊಳಗೆ ಐದು ದಿನ ಹೋಯ್ತು, ಆ ಐದೂ ದಿನ ಬಿಸಿಲು. ನಾಟಿಗೆ ಅಲ್ಲಲ್ಲಿ ಹುಸಿ ಬಿತ್ತು. ಪಕ್ಕದ ಹೊಲ ತುಂಬಿ ನಿಂತಿತ್ತು, ಇವರದು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣ್ತಿತ್ತು. ಆ ದಾರಿಯಲ್ಲಿ ಸುಗ್ಗಿ ತನಕ ನಾನು ಓಡಾಡಲಿಲ್ಲ, ಸುತ್ತು ಹಾಕಿ ಹೋಗ್ತಿದ್ದೆ.

ಅವರು ಜಗಳ ಮಾಡಲಿಲ್ಲ. ‘ನಿನ್ನ ಮಷೀನಿನಾಗ ಜ್ವಾಳ ಅಂತ ಇತ್ತೋ ಇಲ್ಲೋ?’ ಅಂತ ಒಂದೇ ಮಾತು ಕೇಳಿದರು. ತೆಗೆದು ನೋಡಿದರೆ ಇತ್ತು ರೀ. ಬಿಳಿಜೋಳ, ಅದರ ಪಕ್ಕ ಜೆಜಿ-11. ಎರಡೂ ಒಂದೇ ಸಾಲಿನಲ್ಲಿ, ಎರಡೂ ನನ್ನ ಕೈಯಿಂದಲೇ ಆರಿಸಿದ್ದು. ಕೈಯಲ್ಲಿ ಬರೆಯೋ ನೋಟ್‌ಬುಕ್ಕಿನಲ್ಲಾದರೆ ಕಡಲೆ ಅನ್ನೋದನ್ನ ಹೊಡೆದು ಹಾಕುವಾಗ ಇಡೀ ಸಾಲಿಗೇ ಗೀಟು ಎಳೀತಿದ್ದೆ.

ಆ ಸುಗ್ಗಿ ಮುಗಿದ ಮೇಲೆ ಹಾಳೆಯನ್ನ ಮತ್ತೆ ಕೂತು ತಿದ್ದಿದೆ. ಮೂರು ಕೆಲಸ ಮಾಡಿದೆ. ಬೆಳೆಯ ಖಾನೆಯ ಪಟ್ಟಿಗೇ ಒಂದು ಇಫ್ ಹಾಕಿದೆ: ತಳಿಯ ಖಾನೆ ಖಾಲಿ ಇದ್ದರೆ ಮಾತ್ರ ಬೆಳೆಗಳ ಪಟ್ಟಿ ತೆರೀಬೇಕು, ಇಲ್ಲದಿದ್ದರೆ ತೆರೆಯಂಗಿಲ್ಲ. ಅಂದರೆ ಬೆಳೆ ಬದಲಿಸೋಕೆ ಮುಂಚೆ ತಳಿಯನ್ನ ಅಳಿಸಲೇಬೇಕು. ಮೊದಮೊದಲು ಕಿರಿಕಿರಿ ಅನಿಸುತ್ತೆ. ಇರಲಿ.

ಆದರೆ ಯಾರಾದರೂ ಬೆಳೆಯ ಖಾನೆ ಮೇಲೆ ಡಿಲೀಟ್ ಒತ್ತಿದರೆ, ಇಲ್ಲಾ ಬೇರೆ ಕಡೆಯಿಂದ ಕಾಪಿ ಮಾಡಿ ತಂದು ಅಂಟಿಸಿದರೆ, ಈ ಕಾವಲು ಮುರಿಯುತ್ತೆ. ಅಂಟಿಸೋದಂತೂ ದೊಡ್ಡ ಶತ್ರು. ಅದು ಖಾನೆಯಲ್ಲಿರೋ ಪಟ್ಟಿಯನ್ನೇ ಅಳಿಸಿ ಹಾಕಬಲ್ಲದು. ಅದಕ್ಕೆ ಎರಡನೇ ಕೆಲಸ, ಬಣ್ಣ. ಈ ಸಾಲಿನ ಬೆಳೆ ಮತ್ತು ತಳಿ ಜೋಡಿಯಾಗಿ ಮೂಲ ಪಟ್ಟಿಯಲ್ಲಿ ಎಷ್ಟು ಸಲ ಇದೆ ಅಂತ ಕೌಂಟಿಫ್ಸ್‌ನಿಂದ ಎಣಿಸಿ, ಸೊನ್ನೆ ಬಂದರೆ ಸಾಲು ಪೂರ್ತಿ ಕೆಂಪಾಗೋ ಹಾಗೆ ಕಂಡೀಶನಲ್ ಫಾರ್ಮ್ಯಾಟಿಂಗ್ ಹಾಕಿದೆ. ಬಿಳಿಜೋಳ–ಜೆಜಿ-11 ಅನ್ನೋ ಜೋಡಿ ಮೂಲ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ತಕ್ಷಣ ಕೆಂಪು. ಇದನ್ನೆಲ್ಲಾ ಮಾಡೋಕೆ ಬರಲ್ಲ ಅನ್ನೋರಿಗೆ ಎಕ್ಸೆಲ್‌ನಲ್ಲೇ ಒಂದು ಗುಂಡಿ ಇದೆ. ಡೇಟಾ ವ್ಯಾಲಿಡೇಶನ್ ಪಕ್ಕದ ಸಣ್ಣ ಬಾಣ ಒತ್ತಿದರೆ ಸರ್ಕಲ್ ಇನ್‌ವ್ಯಾಲಿಡ್ ಡೇಟಾ ಅಂತ ಬರುತ್ತೆ. ಪಟ್ಟಿಗೆ ಹೊಂದದ ಖಾನೆಗಳ ಸುತ್ತ ಕೆಂಪು ವೃತ್ತ ಹಾಕಿ ತೋರಿಸುತ್ತೆ. ಆ ವರ್ಷ ನನಗೆ ಅದು ಗೊತ್ತಿದ್ದರೆ ಅರ್ಧ ನಿಮಿಷದ ಕೆಲಸ.

ಮೂರನೇದು ಕಂಪ್ಯೂಟರಿನದಲ್ಲ. ಬಣ್ಣವೂ ಹಿಡಿಯಲಾರದ ತಪ್ಪು ಒಂದಿದೆಯಲ್ಲ, ಎ-1ದು. ಕಡಲೆ ಎ-1 ಇದ್ದದ್ದನ್ನ ಕುಸುಬೆ ಮಾಡಿದರೆ ಕುಸುಬೆಯಲ್ಲೂ ಎ-1 ಇದೆ, ಜೋಡಿ ಸರಿಯಾಗೇ ಇದೆ, ಕೆಂಪಾಗಲ್ಲ. ಕಿಲೋ ಖಾನೆಯಲ್ಲಿ ಕಡಲೆಯ 50 ಹಾಗೇ ಉಳಿದಿದ್ದರೆ 50 ಕಿಲೋ ಕುಸುಬೆ ಬಂದು ಬೀಳುತ್ತೆ. ಅದಕ್ಕೆ ಮೂಲ ಪಟ್ಟಿಯಲ್ಲಿ ಎ-1 ಅನ್ನೋದನ್ನೇ ತೆಗೆದು ‘ಕಡಲೆ ಎ-1’, ‘ಕುಸುಬೆ ಎ-1’ ಅಂತ ಬರೆದೆ. ಮತ್ತೆ ಆರ್ಡರ್ ಕೊಡೋ ಹಿಂದಿನ ಸಂಜೆ ಗುಡಿಯ ಕಟ್ಟೆ ಮೇಲೆ ಕೂತು ಎಲ್ಲರ ಸಾಲನ್ನೂ ಜೋರಾಗಿ ಓದ್ತೀನಿ. ಹೆಸರು, ಬೆಳೆ, ತಳಿ, ಕಿಲೋ. ಯಾರದು ತಪ್ಪಿದೆಯೋ ಅವರೇ ತಡೀತಾರೆ.

ಹೋದ ವರ್ಷ ಹಾಗೆ ಓದುವಾಗ ಆ ಅಮ್ಮನ ಸಾಲು ಬಂತು. ಬಿಳಿಜೋಳ, ಮಾಲದಂಡಿ, 6 ಕಿಲೋ ಅಂತ ಓದಿದೆ. ‘ಇನ್ನೊಮ್ಮೆ ಓದು’ ಅಂದರು. ಓದಿದೆ. ‘ಮಷೀನು ಹೊಳ್ಳಿಸಿ ತೋರಸು’ ಅಂದರು. ಅವರಿಗೆ ಓದೋಕೆ ಬರಲ್ಲ. ಲ್ಯಾಪ್‌ಟಾಪ್ ತಿರುಗಿಸಿ ಅವರ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ‘ಕೆಂಪ ಇಲ್ಲಲ್ಲ?’ ಅಂದರು. ಇಲ್ಲ ಅವ್ವಾ, ಅಂದೆ. ‘ಹಂಗಾರ ಮುಂದಿನವರದ ಓದು’ ಅಂದು ಕಂಬಕ್ಕೆ ಒರಗಿ ಕೂತರು. ಕತ್ತಲಾಗ್ತಿತ್ತು, ಇನ್ನೂ ನಲವತ್ತು ಸಾಲು ಬಾಕಿ ಇದ್ದವು.